ಡಬ್ಬಿ ಹಿಡಿದುಕೊಂಡು ಅಂಗಡಿಗೆ ಹೋಗಿ: ಮನೆಗೆ ಕುಕ್ಕರ್ ಆರಿಸುವ ಬಗೆ

ನಮ್ಮನೆ ಅಟ್ಟದ ಮೇಲೆ ಮೂರು ವರ್ಷ ಒಂದು ಹೊಸ ಕುಕ್ಕರ್ ಕೂತಿತ್ತು. ಐದು ಲೀಟರಿನದು, ಫಳಫಳ ಹೊಳೆಯುವ ಸ್ಟೀಲು, ದೀಪಾವಳಿ ಆಫರಿನಲ್ಲಿ ಕೊಂಡದ್ದು. ತಂದ ದಿನ ಅಮ್ಮ ಎಂದಿನಂತೆ ಬೇಳೆ ಡಬ್ಬಿಯನ್ನು ಒಳಗೆ ಇಳಿಸಲು ಹೋದರು. ಇಳಿಯಲಿಲ್ಲ. ಕುಕ್ಕರಿನ ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. "ಇದರಲ್ಲಿ ಅನ್ನ ಎಲ್ಲಿ ಇಡೋದು, ಬೇಳೆ ಎಲ್ಲಿ ಇಡೋದು?" ಅಂದರು. ಮಾರನೇ ದಿನ ಹಳೇ ಅಲ್ಯೂಮಿನಿಯಂ ಕುಕ್ಕರೇ ಮತ್ತೆ ಒಲೆ ಏರಿತು.

ತಪ್ಪು ಕುಕ್ಕರಿನದಲ್ಲ. ನಾನು ಲೀಟರ್ ನೋಡಿದ್ದೆ, ಹೊಳಪು ನೋಡಿದ್ದೆ, ರೇಟು ನೋಡಿದ್ದೆ. ನಮ್ಮನೆಯಲ್ಲಿ ಅಡುಗೆ ಹೇಗೆ ನಡೆಯುತ್ತದೆ ಅನ್ನೋದನ್ನು ಮಾತ್ರ ನೋಡಿರಲಿಲ್ಲ. ಹಾಗಾಗಿ ಈ ಮಾರ್ಗದರ್ಶಿಯನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಹೆಜ್ಜೆ 1: ಡಬ್ಬಿ ಇಟ್ಟು ಬೇಯಿಸುತ್ತೀರಾ, ನೇರವಾಗಿ ಬೇಯಿಸುತ್ತೀರಾ?

ಕುಕ್ಕರನ್ನು ಎರಡು ಥರ ಬಳಸಬಹುದು. ಒಂದು, ತಳದಲ್ಲಿ ನೀರು ಹಾಕಿ, ಅದರ ಮೇಲೆ ತೂತಿನ ತಟ್ಟೆ ಇಟ್ಟು, ಬೇಳೆ, ಅನ್ನ, ತರಕಾರಿಯ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುವುದು. ಆವಿಯಲ್ಲಿ ಮೂರೂ ಒಟ್ಟಿಗೆ ಬೇಯುತ್ತವೆ. ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಕುಕ್ಕರ್ ಇಡುವುದು ಅಂದರೆ ಇದೇ. ಹುಳಿಗೆ ಬೇಳೆ ಕೆಳಗೆ, ಅನ್ನ ಮೇಲೆ, ಅದರ ಮೇಲೆ ಒಂದು ಮುಚ್ಚಳದಲ್ಲಿ ಎರಡು ಆಲೂಗಡ್ಡೆ.

ಇನ್ನೊಂದು, ಕುಕ್ಕರಿನೊಳಗೇ ಒಗ್ಗರಣೆ ಹಾಕಿ, ಹುರಿದು, ನೀರು ಸುರಿದು ಮುಚ್ಚುವುದು. ಪಲಾವ್, ಬಿಸಿಬೇಳೆಬಾತ್, ಮಟನ್ ಸಾರು, ಹುರುಳಿಕಾಳು, ಕಾಲು ಸೂಪು ಎಲ್ಲ ಈ ಕಡೆಯವು.

ಮನೆಯಲ್ಲಿ ಎರಡೂ ನಡೆಯುತ್ತದೆ ಅನ್ನುತ್ತೀರಿ, ಸರಿ. ಆದರೆ ದಿನಾ ನಡೆಯುವುದು ಯಾವುದು? ಒಂದು ವಾರ ಗಮನಿಸಿ. ಅಳತೆ, ಲೋಹ, ಮುಚ್ಚಳ ಎಲ್ಲಕ್ಕೂ ಉತ್ತರ ಅದರಲ್ಲೇ ಸಿಗುತ್ತದೆ.

ಹೆಜ್ಜೆ 2: ಎಷ್ಟು ಲೀಟರ್?

ಕುಕ್ಕರಿನ ಪೆಟ್ಟಿಗೆ ಮೇಲೆ 5 ಲೀಟರ್ ಅಂತ ಬರೆದಿದ್ದರೆ ಐದು ಲೀಟರ್ ಬೇಯಿಸಬಹುದು ಅಂತ ಅರ್ಥವಲ್ಲ. ಅದು ಬಾಯಿವರೆಗೆ ತುಂಬಿದರೆ ಹಿಡಿಯುವ ನೀರಿನ ಲೆಕ್ಕ. ನೇರವಾಗಿ ಬೇಯಿಸುವಾಗ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ತುಂಬಬಾರದು. ಬೇಳೆ, ಕಾಳು, ಅಕ್ಕಿಯಂತೆ ನೊರೆ ಬರುವ ಅಥವಾ ಉಬ್ಬುವ ಪದಾರ್ಥವಾದರೆ ಅರ್ಧಕ್ಕೇ ನಿಲ್ಲಿಸಬೇಕು. ಅಲ್ಲಿಗೆ 5 ಲೀಟರಿನ ಕುಕ್ಕರಿನಲ್ಲಿ ನೀರೂ ಸೇರಿ ಬೇಳೆ ಎರಡೂವರೆ ಲೀಟರ್. 3 ಲೀಟರಿನದರಲ್ಲಿ ಒಂದೂವರೆ.

ನೇರವಾಗಿ ಬೇಯಿಸುವವರಿಗೆ ನನ್ನ ಲೆಕ್ಕ ಹೀಗೆ. ಒಬ್ಬರೇ ಇದ್ದರೆ 2 ಲೀಟರ್. ಇಬ್ಬರು ಮೂವರಿಗೆ 3. ನಾಲ್ಕೈದು ಜನಕ್ಕೆ 5. ಅದಕ್ಕಿಂತ ದೊಡ್ಡ ಸಂಸಾರ, ಅಥವಾ ಭಾನುವಾರ ಎರಡು ಕೆಜಿ ಮಟನ್ ತರುವ ಮನೆಯಾದರೆ ಏಳೂವರೆ ಕಡೆಗೆ ನೋಡಿ.

ಡಬ್ಬಿ ಇಡುವವರಿಗೆ ಈ ಲೆಕ್ಕ ನಡೆಯುವುದಿಲ್ಲ. ಇಬ್ಬರೇ ಇದ್ದರೂ 3 ಲೀಟರಿನದರಲ್ಲಿ ಎರಡು ಡಬ್ಬಿ ಪೇರಿಸುವುದು ಕಷ್ಟ. ಎತ್ತರ ಸಾಲುವುದಿಲ್ಲ. ಇಲ್ಲಿ 5 ಲೀಟರಿನಿಂದಲೇ ಶುರು. ಮೂರು ಡಬ್ಬಿ ಬೇಕಾದರೆ, ಅಥವಾ ನಾಲ್ಕು ಜನಕ್ಕೆ ಅನ್ನ ಆಗಬೇಕಾದರೆ ಆರೂವರೆ, ಏಳೂವರೆ. ಒಂದು ಲೋಟ ಅಕ್ಕಿ ಬೆಂದಮೇಲೆ ಹತ್ತಿರ ಹತ್ತಿರ ಮೂರು ಲೋಟ ಜಾಗ ತುಂಬುತ್ತದೆ. ಎರಡು ಲೋಟ ಅಕ್ಕಿ ಇಡುವವರಿಗೆ ಅನ್ನದ ಡಬ್ಬಿಯೇ ಒಂದೂವರೆ ಲೀಟರಿನದು ಬೇಕು. ಅದರ ಕೆಳಗೆ ಬೇಳೆ, ಅದರ ಕೆಳಗೆ ತಟ್ಟೆ, ನೀರು.

ಲೀಟರ್ ಒಂದೇ ಇದ್ದರೂ ಆಕಾರ ಬೇರೆ ಬೇರೆ ಇರುತ್ತದೆ. ಅಗಲವಾಗಿ ಗಿಡ್ಡಗಿರುವ ಪ್ಯಾನ್ ಆಕಾರದ್ದು ಪಲಾವ್‌ಗೆ ಚಂದ, ಈರುಳ್ಳಿ ಹುರಿಯಲು ಜಾಗ ಸಿಗುತ್ತದೆ. ಹೊಟ್ಟೆ ಉಬ್ಬಿದ ಹಂಡಿ ಆಕಾರದ್ದು ಸಾರು, ಮಾಂಸಕ್ಕೆ ಒಳ್ಳೆಯದು, ಸೌಟು ಮೂಲೆಗೆ ಸಿಕ್ಕಿಕೊಳ್ಳುವುದಿಲ್ಲ. ಡಬ್ಬಿಗೆ ಮಾತ್ರ ನೆಟ್ಟಗೆ ಎತ್ತರವಾಗಿರುವ, ಬಾಯಿ ಹೊಟ್ಟೆ ಒಂದೇ ಅಗಲ ಇರುವ ಕುಕ್ಕರೇ ಬೇಕು.

"ಇರಲಿ, ನೆಂಟರು ಬಂದಾಗ ಬೇಕಾಗುತ್ತೆ" ಅಂತ ಹತ್ತು ಲೀಟರಿನದು ತರುವವರಿದ್ದಾರೆ. ನೆಂಟರು ವರ್ಷಕ್ಕೆ ನಾಲ್ಕು ಸಲ ಬರುತ್ತಾರೆ. ಮಿಕ್ಕ ದಿನ ಇಬ್ಬರ ಅಡುಗೆಗೆ ಅಷ್ಟು ದೊಡ್ಡ ಲೋಹವನ್ನು ಕಾಯಿಸಿ, ಅಷ್ಟು ಜಾಗಕ್ಕೆ ಆವಿ ತುಂಬಿಸಿ, ಆಮೇಲೆ ತೊಳೆಯಲು ಸಿಂಕಿನಲ್ಲಿ ಹಿಡಿಸಲಾರದೆ ಒದ್ದಾಡಬೇಕು.

ಹೆಜ್ಜೆ 3: ಮುಚ್ಚಳ ಹೊರಗಿನದೋ ಒಳಗಿನದೋ

ಹೊರ ಮುಚ್ಚಳದ್ದನ್ನು ಮೇಲಿಟ್ಟು ತಿರುಗಿಸಿ ಹಿಡಿಗೆ ಹಿಡಿ ಸೇರಿಸುತ್ತೇವೆ. ಪ್ರೆಸ್ಟೀಜ್‌ನ ಹಳೇ ಮಾದರಿ ನೆನಪಿಸಿಕೊಳ್ಳಿ. ಒಳ ಮುಚ್ಚಳದ್ದನ್ನು ಓರೆಯಾಗಿ ಒಳಗೆ ತೂರಿಸಿ, ಮೇಲಕ್ಕೆ ಎಳೆದು ಕೂರಿಸುತ್ತೇವೆ. ಹಾಕಿನ್ಸ್ ಹೆಸರಾಗಿದ್ದೇ ಇದರಿಂದ. ಈಗ ಹಲವು ಕಂಪನಿಗಳು ಎರಡೂ ಥರ ಮಾಡುತ್ತವೆ.

ಒಳ ಮುಚ್ಚಳದ ದೊಡ್ಡ ಗುಣ ಅಂದರೆ ಒತ್ತಡ ಇರುವ ತನಕ ಅದು ತೆಗೆಯಲು ಬರುವುದಿಲ್ಲ. ಒಳಗಿನ ಆವಿಯೇ ಮುಚ್ಚಳವನ್ನು ಬಾಯಿಗೆ ಒತ್ತಿ ಹಿಡಿದಿರುತ್ತದೆ. ಅವಸರದವರ ಮನೆಗೆ ಇದು ಒಳ್ಳೆಯದು. ಆದರೆ ಮುಚ್ಚಳ ಒಳಗೆ ಕೂರಬೇಕಾದ್ದರಿಂದ ಸಾಮಾನ್ಯವಾಗಿ ಬಾಯಿ ಹೊಟ್ಟೆಗಿಂತ ಕಿರಿದಾಗಿರುತ್ತದೆ. ನಮ್ಮನೆ ಅಟ್ಟ ಸೇರಿದ್ದೂ ಇದೇ ಜಾತಿಯದು. ಬಾಯಿಯಲ್ಲಿ ಇಳಿಯುವ ಕಿರಿದಾದ ಡಬ್ಬಿಗಳನ್ನೇ ಹುಡುಕಿ ತರಬಹುದು, ಅಗಲ ಬಾಯಿಯ ಮಾದರಿಯೂ ಸಿಗುತ್ತದೆ. ಆದರೂ ದಿನಾ ಡಬ್ಬಿ ಇಡುವವರಿಗೆ ನಾನು ಹೇಳುವುದು ಹೊರ ಮುಚ್ಚಳದ್ದೇ. ನೇರವಾಗಿ ಬೇಯಿಸುವವರು ಒಳ ಮುಚ್ಚಳದ್ದನ್ನು ಕಣ್ಣು ಮುಚ್ಚಿ ತರಬಹುದು.

ವಯಸ್ಸಾದವರು ಅಡುಗೆ ಮಾಡುವ ಮನೆಯಾದರೆ ಅಂಗಡಿಯಲ್ಲಿ ಅವರ ಕೈಯಲ್ಲೇ ನಾಲ್ಕು ಸಲ ಮುಚ್ಚಿಸಿ ತೆಗೆಸಿ. ಮೊಣಕೈ, ಬೆರಳು ನೋವಿರುವವರಿಗೆ ಹೊಸ ರಬ್ಬರಿನ ಬಿಗಿ ಮುಚ್ಚಳ ತಿರುಗಿಸುವುದು ಸುಲಭವಲ್ಲ.

ಹೆಜ್ಜೆ 4: ಯಾವ ಲೋಹ?

ಅಂಗಡಿಯವರು ಜಾಸ್ತಿ ಮಾತಾಡುವುದು ಇಲ್ಲೇ. ಡಬ್ಬಿ ಇಡುವವರು ಆ ಮಾತಿಗೆ ಬೀಳಬೇಕಾಗಿಲ್ಲ. ನಿಮ್ಮ ಅನ್ನ, ಬೇಳೆ ಸ್ಟೀಲ್ ಡಬ್ಬಿಯಲ್ಲಿರುತ್ತವೆ. ಕುಕ್ಕರಿನ ಗೋಡೆಗೆ ತಾಗುವುದು ತಳದ ನೀರು ಮಾತ್ರ. ಹಾಗಿದ್ದಮೇಲೆ ಗ್ಯಾಸ್ ಒಲೆ ಇರುವವರಿಗೆ ಸಾದಾ ಅಲ್ಯೂಮಿನಿಯಂ ಸಾಕು. ಹಗುರ, ಬೇಗ ಕಾಯುತ್ತದೆ, ಬೆಲೆಯೂ ಕಡಿಮೆ. ಒಳಗೆ ಕಪ್ಪಾಗುತ್ತದೆ ನಿಜ. ತಳದ ನೀರಿಗೆ ಒಂದು ಚೂರು ಹುಣಸೆಹಣ್ಣೋ, ಹಿಂಡಿದ ನಿಂಬೆಹೋಳೋ ಹಾಕಿದರೆ ಬೋರ್‌ವೆಲ್ ನೀರಿನ ಊರಿನಲ್ಲೂ ಅಷ್ಟಾಗಿ ಕಪ್ಪಾಗುವುದಿಲ್ಲ.

ನೇರವಾಗಿ ಬೇಯಿಸುವಾಗ ಮಾತು ಬೇರೆ. ಹುಣಸೆಹುಳಿ, ಟೊಮೆಟೊ ಅಲ್ಯೂಮಿನಿಯಂ ಜೊತೆ ಸೇರಿದರೆ ಲೋಹ ಸ್ವಲ್ಪ ಸ್ವಲ್ಪವಾಗಿ ಸವೆಯುತ್ತದೆ, ಸಾರಿಗೂ ಒಂದು ಥರ ಲೋಹದ ರುಚಿ ಬರಬಹುದು. ಇಂಥವರಿಗೆ ಸ್ಟೀಲ್ ಒಳ್ಳೆಯದು. ಆದರೆ ಸ್ಟೀಲಿನಲ್ಲಿ ಶಾಖ ಹರಡುವುದು ತುಂಬಾ ನಿಧಾನ. ಅಲ್ಯೂಮಿನಿಯಂ ಸ್ಟೀಲಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಚೆನ್ನಾಗಿ ಶಾಖ ಹರಡುತ್ತದೆ. ಅದಕ್ಕೇ ಸ್ಟೀಲ್ ಕುಕ್ಕರಿನ ತಳಕ್ಕೆ ಎರಡು ಸ್ಟೀಲ್ ತಗಡಿನ ನಡುವೆ ಅಲ್ಯೂಮಿನಿಯಂ ಬಿಲ್ಲೆ ಇಟ್ಟಿರುತ್ತಾರೆ. ತಿರುಗಿಸಿ ತಳ ನೋಡಿ. ದಪ್ಪ ಬಿಲ್ಲೆ ಇಲ್ಲದ ತೆಳು ಸ್ಟೀಲ್ ಕುಕ್ಕರ್ ತಂದರೆ ಬಿಸಿಬೇಳೆಬಾತ್ ತಳ ಹಿಡಿಯುವುದು ಗ್ಯಾರಂಟಿ.

ಟ್ರೈಪ್ಲೈ ಅಂದರೆ ಈ ಮೂರು ಪದರ ತಳಕ್ಕಷ್ಟೇ ಅಲ್ಲದೆ ಗೋಡೆಯ ಮೇಲಿನವರೆಗೂ ಇರುತ್ತದೆ. ಬಿಲ್ಲೆ ಮುಗಿಯುವ ಅಂಚಿನಲ್ಲಿ ಮಸಾಲೆ ಸೀಯುವುದು ತಪ್ಪುತ್ತದೆ. ದಿನಾ ಕುಕ್ಕರಿನಲ್ಲೇ ಹುರಿದು ಬೇಯಿಸುವವರಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಡಬ್ಬಿ ಇಡುವವರಿಗೆ ಸುಮ್ನೆ ದುಡ್ಡು ದಂಡ. ಹಾರ್ಡ್ ಅನೊಡೈಸ್ಡ್ ಅನ್ನುವ ಕಪ್ಪು ಬಣ್ಣದ್ದು ಬಣ್ಣ ಬಳಿದದ್ದಲ್ಲ, ಅಲ್ಯೂಮಿನಿಯಂ ಮೇಲ್ಮೈಯನ್ನೇ ವಿದ್ಯುತ್ತಿನಿಂದ ಗಟ್ಟಿ ಮಾಡಿರುತ್ತಾರೆ. ಹುಳಿಗೆ ಸಾದಾ ಅಲ್ಯೂಮಿನಿಯಂನಷ್ಟು ಜಗ್ಗುವುದಿಲ್ಲ. ಕಪ್ಪು ತಳದಲ್ಲಿ ಒಗ್ಗರಣೆ ಸೀದದ್ದು ಕಾಣಿಸುವುದಿಲ್ಲ ಅನ್ನೋದೊಂದು ನನ್ನ ತಕರಾರು.

ಇಂಡಕ್ಷನ್ ಒಲೆ ಇದ್ದರೆ, ಅಥವಾ ಮುಂದೆ ತರುವ ಯೋಚನೆ ಇದ್ದರೆ, ಫ್ರಿಜ್ಜಿನ ಮೇಲೆ ಅಂಟಿಸಿರುವ ಮ್ಯಾಗ್ನೆಟ್ ಒಂದನ್ನು ಜೇಬಿಗೆ ಹಾಕಿಕೊಂಡು ಹೋಗಿ. ಅದು ಕುಕ್ಕರಿನ ತಳಕ್ಕೆ ಗಟ್ಟಿಯಾಗಿ ಅಂಟಬೇಕು. ಗೋಡೆಗೆ ಅಂಟದಿದ್ದರೂ ಪರವಾಗಿಲ್ಲ.

ಹೆಜ್ಜೆ 5: ಐಎಸ್‌ಐ ಗುರುತು, ವಾಲ್ವು, ರಬ್ಬರು

ಇಲ್ಲಿ ಮಾತ್ರ ರಾಜಿ ಬೇಡ. ಮನೆಬಳಕೆಯ ಕುಕ್ಕರಿಗೆ ನಮ್ಮ ದೇಶದಲ್ಲಿರುವ ಮಾನಕ ಐಎಸ್ 2347. 2021ರ ಫೆಬ್ರವರಿ 1ರಿಂದ ಐಎಸ್‌ಐ ಗುರುತಿಲ್ಲದ ಕುಕ್ಕರ್ ಮಾರುವಂತಿಲ್ಲ. ಹಾಗಿದ್ದರೂ ಮಾರುತ್ತಾರೆ. 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದೇ ವಿಷಯಕ್ಕೆ ದೊಡ್ಡ ಆನ್‌ಲೈನ್ ಮಾರಾಟಗಾರರ ಮೇಲೆಯೇ ದಂಡ ಹಾಕಿತ್ತು. ಗುರುತಿನ ಮೇಲೆ ಐಎಸ್ 2347 ಅಂತಲೂ, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರೂ ಇರಬೇಕು. ಈ ಗುರುತು ಕೊಡುವ ಸಂಸ್ಥೆ ಬಿಐಎಸ್, ಅದರ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಯದು, ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಅಂತ ತೋರಿಸುತ್ತದೆ. ಅಂಗಡಿಯಲ್ಲೇ ನಿಂತು ನೋಡಿ. ಎರಡು ನಿಮಿಷದ ಕೆಲಸ.

ಆಮೇಲೆ ಮುಚ್ಚಳವನ್ನು ಕೈಗೆ ತೆಗೆದುಕೊಳ್ಳಿ. ಮೇಲೆ ಕೂಗುವ ವೆಯ್ಟ್ ಇದೆಯಲ್ಲ, ಅದೇ ಮೊದಲ ಕಾವಲು. ಒತ್ತಡ ಮಿತಿ ಮುಟ್ಟಿದಾಗ ಎದ್ದು ಆವಿ ಬಿಡುತ್ತದೆ, ಇಳಿದಾಗ ಕೂರುತ್ತದೆ. ಹೀಗೆ ತೂಕ ಇಟ್ಟು ಆವಿಗೆ ದಾರಿ ಬಿಡುವ ಉಪಾಯ ಹಳೆಯದು. ಫ್ರಾನ್ಸಿನ ಡೆನಿಸ್ ಪಾಪಿನ್ 1679ರಲ್ಲಿ ಲಂಡನ್ನಿನಲ್ಲಿ ಮೂಳೆ ಕೂಡ ಮೆತ್ತಗಾಗುವಂತೆ ಬೇಯಿಸುವ ಪಾತ್ರೆ ಮಾಡಿ ತೋರಿಸಿದ. ಅವನು ಅದಕ್ಕೆ ಜೋಡಿಸಿದ್ದೂ ತೂಕದ ವಾಲ್ವನ್ನೇ.

ವೆಯ್ಟ್ ತೆಗೆದು, ಕೆಳಗಿನ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ. ಆರಪಾರ ಕಾಣಬೇಕು. ಬೇಳೆ ಸಿಪ್ಪೆ, ಟೊಮೆಟೊ ಸಿಪ್ಪೆ, ಸೊಪ್ಪಿನ ಚೂರು ಸಿಕ್ಕಿಕೊಳ್ಳುವುದು ಇಲ್ಲೇ. ಮನೆಗೆ ತಂದಮೇಲೂ ದಿನಾ ಮುಚ್ಚುವ ಮೊದಲು ಒಮ್ಮೆ ಹೀಗೆ ನೋಡುವ ಅಭ್ಯಾಸ ಬೆಳೆಸಿಕೊಳ್ಳಿ.

ಪಕ್ಕದಲ್ಲಿ ಗುಂಡಿಯಂತೆ ಕಾಣುವುದು ಸೇಫ್ಟಿ ವಾಲ್ವ್. ಹೆಚ್ಚಿನವುಗಳ ಒಳಗೆ ಬೇಗ ಕರಗುವ ಮಿಶ್ರಲೋಹ ಇರುತ್ತದೆ. ನೀರು ಬತ್ತಿ ಕುಕ್ಕರ್ ಮಿತಿಮೀರಿ ಕಾದರೆ ಅದು ಕರಗಿ ಆವಿ ಹೊರಗೆ ಹೋಗಲು ದಾರಿಯಾಗುತ್ತದೆ. ಒಮ್ಮೆ ಕರಗಿದರೆ ಹೊಸದನ್ನೇ ಹಾಕಿಸಬೇಕು, ಅದೂ ಅದೇ ಕಂಪನಿಯದು. ಹೊರ ಮುಚ್ಚಳದ ಹಲವು ಕುಕ್ಕರುಗಳ ಅಂಚಿನಲ್ಲಿ ಒಂದು ಕಿಂಡಿ ಇರುತ್ತದೆ. ಬೇರೆಲ್ಲ ದಾರಿ ಮುಚ್ಚಿದಾಗ ಗ್ಯಾಸ್ಕೆಟ್ ಆ ಕಿಂಡಿಯಲ್ಲಿ ಹೊರಚಾಚಿ ಆವಿ ಬಿಟ್ಟುಕೊಡುತ್ತದೆ. ಅದನ್ನು ನೋಡಿ ಡ್ಯಾಮೇಜ್ ಪೀಸು ಅಂದುಕೊಳ್ಳಬೇಡಿ.

ಗ್ಯಾಸ್ಕೆಟ್, ಅಂದರೆ ನಾವೆಲ್ಲ ರಬ್ಬರ್ ಅನ್ನುವುದು, ಸವೆಯುವ ವಸ್ತು. ದಿನಾ ಬಳಸಿದರೆ ವರ್ಷಕ್ಕೊಮ್ಮೆಯಾದರೂ ಬದಲಿಸುವುದು ಒಳ್ಳೆಯದು. ಹಾಗಾಗಿ ಕೊಳ್ಳುವ ಮೊದಲು ಕೇಳಬೇಕಾದ ಮುಖ್ಯ ಪ್ರಶ್ನೆ: "ಇದಕ್ಕೆ ರಬ್ಬರ್, ವೆಯ್ಟು, ಹಿಡಿ ನಮ್ಮೂರಲ್ಲಿ ಸಿಗುತ್ತಾ?" ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಎಲ್ಲಾ ಸಿಗಬಹುದು. ತಾಲ್ಲೂಕು ಊರಿನಲ್ಲಿ ಎರಡೋ ಮೂರೋ ಕಂಪನಿಯದು ಮಾತ್ರ ಸಿಗುತ್ತದೆ. ಸಿಗುವ ಕಂಪನಿಯದನ್ನೇ ಕೊಳ್ಳಿ.

ಹೆಜ್ಜೆ 6: ಒಲೆಗೆ ಹೊಂದುತ್ತದೆಯಾ

ಚಿಕ್ಕ ಕುಕ್ಕರ್ ಕೊಳ್ಳುವವರು ಇದನ್ನು ಮರೆಯುತ್ತಾರೆ. ಒಂದೂವರೆ, ಎರಡು ಲೀಟರಿನದರ ತಳ ಕಿರಿದು. ಕೆಲವು ಗ್ಯಾಸ್ ಒಲೆಯ ಕಾಲುಗಳ ಮೇಲೆ ಅದು ವಾಲುತ್ತದೆ. ದೊಡ್ಡ ಬರ್ನರ್ ಮೇಲಿಟ್ಟರೆ ಉರಿ ತಳ ದಾಟಿ ಹಿಡಿಯನ್ನು ಸುಡುತ್ತದೆ. ಮನೆಯ ಬರ್ನರಿನ ಅಗಲ, ಕಾಲುಗಳ ನಡುವಿನ ಜಾಗ ಅಳೆದುಕೊಂಡು ಹೋಗಿ. ಹತ್ತು ಲೀಟರಿನದಕ್ಕೆ ಇದರ ಉಲ್ಟಾ ತೊಂದರೆ. ಅದನ್ನಿಟ್ಟರೆ ಪಕ್ಕದ ಬರ್ನರಿನಲ್ಲಿ ಹಾಲು ಕಾಯಿಸಲೂ ಜಾಗ ಇರುವುದಿಲ್ಲ.

ಹೆಜ್ಜೆ 7: ಅಂಗಡಿಯಲ್ಲಿ

ಮನೆಯ ಡಬ್ಬಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ನಗುತ್ತಾರೆ, ನಗಲಿ. ತೂತಿನ ತಟ್ಟೆ ಸಮೇತ ಒಳಗೆ ಪೇರಿಸಿ. ಸುತ್ತ ಒಂದು ಬೆರಳು ಆಡುವಷ್ಟು ಜಾಗ ಬೇಕು, ಆವಿ ಮೇಲೇರಲು. ಮೇಲಿನ ಡಬ್ಬಿಗೂ ಮುಚ್ಚಳಕ್ಕೂ ನಡುವೆ ಎರಡು ಬೆರಳು. ಡಬ್ಬಿ ಮುಚ್ಚಳಕ್ಕೆ ಒತ್ತಿಕೊಂಡರೆ ಆವಿಯ ದಾರಿಗೇ ಅಡ್ಡ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಲೀಟರ್ ಬಿಟ್ಟು ಒಳಗಿನ ಅಗಲ, ಎತ್ತರ ಎಷ್ಟು ಸೆಂಟಿಮೀಟರ್ ಅಂತ ಹುಡುಕಿ, ಡಬ್ಬಿಗೆ ಟೇಪ್ ಹಿಡಿದು ಹೋಲಿಸಿ. ಅಳತೆ ಕೊಡದ ಕುಕ್ಕರನ್ನು ಡಬ್ಬಿಗಾಗಿ ಕೊಳ್ಳಲೇಬೇಡಿ.

ಸಮತಟ್ಟಾದ ಟೇಬಲ್ ಮೇಲಿಟ್ಟು ಅಲ್ಲಾಡಿಸಿ. ಹಿಡಿಯ ಸ್ಕ್ರೂ, ರಿವೆಟ್ ಗಟ್ಟಿ ಇದೆಯಾ ನೋಡಿ. ಹಿಡಿದು ಎತ್ತಿ, ತುಂಬಿದಾಗ ಇದರ ಇಮ್ಮಡಿ ಭಾರ ಅಂತ ಊಹಿಸಿಕೊಳ್ಳಿ.

ಎರಡು ಪಾತ್ರೆ ಒಂದು ಮುಚ್ಚಳದ ಕಾಂಬೋ ತೋರಿಸುತ್ತಾರೆ. 3 ಲೀಟರ್, 5 ಲೀಟರ್, ಎರಡಕ್ಕೂ ಹೊಂದುವ ಒಂದೇ ಪ್ರೆಷರ್ ಮುಚ್ಚಳ. ಅಗ್ಗ ಅನ್ನಿಸುತ್ತದೆ. ಆದರೆ ಬೆಳಿಗ್ಗೆ ಏಳೂವರೆಗೆ ಅನ್ನವೂ ಆಗಬೇಕು, ಹುರುಳಿಕಾಳೂ ಬೇಯಬೇಕು ಅಂದಾಗ ಎರಡನೇ ಪಾತ್ರೆಗೆ ಮುಚ್ಚಳ ಎಲ್ಲಿಂದ ತರುತ್ತೀರಿ? ಅದೇ ದುಡ್ಡಿಗೆ ಡಬ್ಬಿ ಇಡಲು 5 ಲೀಟರಿನ ಸಾದಾ ಅಲ್ಯೂಮಿನಿಯಂ ಒಂದು, ನೇರವಾಗಿ ಬೇಯಿಸಲು 3 ಲೀಟರಿನ ಸ್ಟೀಲ್ ಒಂದು ಬೇರೆ ಬೇರೆ ಕೊಳ್ಳಲು ಆಗುತ್ತದಾ ನೋಡಿ. ಇಲ್ಲದಿದ್ದರೆ ಈ ವರ್ಷ ಒಂದು, ಮುಂದಿನ ವರ್ಷ ಒಂದು.

ಅಮೆರಿಕಕ್ಕೆ ಹೋಗುವ ಮಗಳಿಗೋ ಮಗನಿಗೋ ಕುಕ್ಕರ್ ಕಟ್ಟಿಕೊಡುವವರಿಗೆ ಎರಡು ಮಾತು. ಅಲ್ಲಿನ ಬಾಡಿಗೆ ಮನೆಗಳಲ್ಲಿ ಗಾಜಿನ ಮೇಲ್ಮೈಯ ಕರೆಂಟ್ ಒಲೆ ಸಾಮಾನ್ಯ. ಅದಕ್ಕೆ ತಳ ಪೂರ್ತಿ ಚಪ್ಪಟೆ ಇರುವ ಕುಕ್ಕರೇ ಆಗಬೇಕು, ತಳ ಉಬ್ಬಿದ್ದರೆ ಸರಿಯಾಗಿ ಕಾಯುವುದಿಲ್ಲ. ಜೊತೆಗೆ ಎರಡು ರಬ್ಬರ್, ಒಂದು ಸೇಫ್ಟಿ ವಾಲ್ವ್ ಹಾಕಿ ಕಳಿಸಿ. ಕರೆಂಟಿನ ಕುಕ್ಕರನ್ನು ಇಲ್ಲಿಂದ ಒಯ್ಯಬೇಡಿ. ನಮ್ಮದು 230 ವೋಲ್ಟ್, ಅಲ್ಲಿಯದು 120.

ಹೆಜ್ಜೆ 8: ಮನೆಗೆ ತಂದ ದಿನ

ಅಕ್ಕಿ ಹಾಕುವ ಮೊದಲು ಬರೀ ನೀರಿನಲ್ಲಿ ಪರೀಕ್ಷೆ ಮಾಡಿ. ಎರಡು ಲೋಟ ನೀರು ಹಾಕಿ, ಮುಚ್ಚಿ, ಜೋರು ಉರಿಯಲ್ಲಿಡಿ. ಕೊಳವೆಯಿಂದ ಆವಿ ನೆಟ್ಟಗೆ ಬರಲು ಶುರುವಾದಮೇಲೆ ವೆಯ್ಟ್ ಹಾಕಿ. ಒಳ ಮುಚ್ಚಳದ ಕೆಲವು ಮಾದರಿಗಳಲ್ಲಿ ವೆಯ್ಟ್ ಮೊದಲೇ ಕೂತಿರುತ್ತದೆ, ಅದನ್ನು ಹಾಗೇ ಬಿಡಿ. ಅಂಚಿನಲ್ಲಿ ಸುತ್ತ ಆವಿ ಸೋರುತ್ತಿದೆಯಾ, ಹಿಡಿಯ ಹತ್ತಿರ ನೀರು ಜಿನುಗುತ್ತಿದೆಯಾ ನೋಡಿ. ಎರಡು ಸಲ ಕೂಗಿದಮೇಲೆ ಆರಿಸಿ. ಸೋರಿದರೆ ಬಿಲ್ಲು ಹಿಡಿದು ಅವತ್ತೇ ವಾಪಸ್ ಹೋಗಿ.

ಮೊದಲ ವಾರ ಕೂಗಿನ ಲೆಕ್ಕವನ್ನು ನಂಬಬೇಡಿ. ಬೆಂಗಳೂರಿನವರು ಮೂರು ಕೂಗು ಅನ್ನುತ್ತಾರೆ, ಹುಬ್ಬಳ್ಳಿ ಕಡೆಯವರು ಮೂರು ಸೀಟಿ ಅನ್ನುತ್ತಾರೆ. ಎರಡೂ ಹಳೇ ಕುಕ್ಕರಿನ ಲೆಕ್ಕ. ಹೊಸದರ ವೆಯ್ಟ್ ಬೇರೆ, ಉರಿ ಬೇರೆ, ಒಳಗಿನ ಜಾಗ ಬೇರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನೊಳಗೆ 120ರ ಹತ್ತಿರ ಹೋಗುತ್ತದೆ. ಬೇಳೆ ಬೇಯಿಸುವುದು ಆ ಶಾಖ ಎಷ್ಟು ಹೊತ್ತು ನಿಂತಿತು ಅನ್ನೋದು, ಎಷ್ಟು ಸಲ ಕೂಗಿತು ಅನ್ನೋದಲ್ಲ. ಮೊದಲ ಕೂಗು ಬಂದ ಕೂಡಲೇ ಉರಿ ಸಣ್ಣ ಮಾಡಿ, ಗಡಿಯಾರ ನೋಡಿ. ಜೋರು ಉರಿಯಲ್ಲಿಟ್ಟರೆ ಒಳಗಿನ ಶಾಖ ಜಾಸ್ತಿಯಾಗುವುದಿಲ್ಲ, ಕೂಗು ಜಾಸ್ತಿಯಾಗುತ್ತದೆ, ಗ್ಯಾಸ್ ಖಾಲಿಯಾಗುತ್ತದೆ.

ಡಬ್ಬಿಯಲ್ಲಿಟ್ಟ ಬೇಳೆ, ಅನ್ನಕ್ಕೆ ನಮ್ಮನೆಯಲ್ಲಿ ಈಗ ಸಣ್ಣ ಉರಿಯಲ್ಲಿ ಹತ್ತು ನಿಮಿಷ, ಆಮೇಲೆ ತಾನಾಗಿ ಆರುವ ತನಕ ಬಿಡುತ್ತೇವೆ. ನಿಮ್ಮ ಬೇಳೆ ಹಳೆಯದಾದರೆ ಇನ್ನೆರಡು ನಿಮಿಷ ಬೇಕಾಗಬಹುದು. ಕರಾವಳಿಯವರ ಕುಚ್ಚಲಕ್ಕಿಗೆ ಈ ಲೆಕ್ಕ ಸಾಲುವುದೇ ಇಲ್ಲ. ಅದನ್ನು ಕೂಗಿಸಿ, ಅರ್ಧ ಗಂಟೆ ಹಾಗೇ ಬಿಟ್ಟು, ಮತ್ತೊಮ್ಮೆ ಒಲೆ ಮೇಲಿಡುವವರೇ ಜಾಸ್ತಿ.

ಅಂದಹಾಗೆ ಅಟ್ಟದ ಮೇಲಿದ್ದ ಆ ಸ್ಟೀಲ್ ಕುಕ್ಕರ್ ಈಗ ಕೆಳಗೆ ಬಂದಿದೆ. ಹುರುಳಿಕಾಳು, ಅವರೆಕಾಳು, ಭಾನುವಾರದ ಪಲಾವ್ ಅದರಲ್ಲೇ. ಬೇಳೆ ಡಬ್ಬಿಯನ್ನು ಅಮ್ಮ ಇವತ್ತಿಗೂ ಅದರ ಹತ್ತಿರ ತರುವುದಿಲ್ಲ.